ಅಮ್ಮನ ಭುಜದ ಮೇಲಿನ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದರ್ಜಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಫೋಟೋ ಸ್ಟುಡಿಯೋದ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಕಂಪ್ಯೂಟರ್ ಮುಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಒಂದು ಮಗುವಿನ ತಲೆಗೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಾರೆ. ಮಗು ಕೂತಿರುವುದು ಹೂಹೂವಿನ ಕರ್ಟನ್ ಮುಂದೆ. ಅಪ್ಪ ಅಮ್ಮನಿಗೆ ಅದು ಹಸಿರು ಹುಲ್ಲಿನ ಮೇಲೆ ಕೂತಿರಬೇಕು. ಕೆನ್ನೆ, ಭುಜ, ಗುಂಡುಗುಂಡಾದ ಕಾಲು ಎಲ್ಲ ಸಲೀಸಾಗಿ ಕಳಚಿ ಬಂದಿವೆ. ಕೂದಲು ಮಾತ್ರ ಹಠ ಹಿಡಿದಿದೆ.

“ಕೂದಲೇ ನೋಡಿ ಪ್ರಾಣ ತಿನ್ನೋದು. ಒರಟಾಗಿ ಕತ್ತರಿಸಿದ್ರೆ ಟೋಪಿ ಹಾಕಿದ ಹಾಗಿರುತ್ತೆ, ಮಗುವಿಗೂ, ದುಡ್ಡು ಕೊಟ್ಟೋರಿಗೂ,” ಎಂದು ನಗುತ್ತಾರೆ. “ನಾಲ್ಕು ಎಳೆ ಗಾಳಿಗೆ ಹಾರೋ ಹಾಗೆ ಬಿಟ್ರೆ ಅಲ್ಲೇ ಆಡ್ತಾ ಇತ್ತೇನೋ ಅನ್ಸುತ್ತೆ.”

ಬೀದಿಯವರಿಗೆಲ್ಲ ಇವರು ‘ಕತ್ತರಿ ಚಿಕ್ಕಮ್ಮ’. ಫೋಟೋದಿಂದ ಮನುಷ್ಯರನ್ನು ಬಿಡಿಸಿ ಬೇರೊಂದು ಹಿನ್ನೆಲೆಗೆ ಕೂರಿಸುವುದೇ ಇವರ ಕಸುಬು. ಬೆಳಗಿನ ಹೊತ್ತೇ ಯಾಕೆ ಎಂದರೆ, “ಗಿರಾಕಿಗಳು ಬಂದ್ಮೇಲೆ ಬೆನ್ನ ಹಿಂದೆ ನಿಂತ್ಕೋತಾರೆ. ಸ್ವಲ್ಪ ಬೆಳ್ಳಗೆ ಮಾಡಿ, ಹೊಟ್ಟೆ ಒಳಗೆ ತಗೊಳ್ಳಿ ಅಂತಾರೆ. ಹೊಟ್ಟೆ ಅವರದು, ನಾನೆಲ್ಲಿಗೆ ತಗೊಳ್ಳಲಿ?”

ಕಂಪ್ಯೂಟರ್ ಬರುವ ಮೊದಲು ಬ್ಲೇಡು, ಗೋಂದು, ಪೆನ್ಸಿಲ್ ಇವರ ಸಾಮಾನು. ಮದುವೆಯಾಗಿ ಬಂದಾಗ ಫೋಟೋ ತೆಗೆಯುವುದು ಗಂಡನ ಕೆಲಸ, ತೊಳೆದು ಒಣಗಿಸುವುದು ಇವರದು. ಒಂದು ದಿನ ಗಂಡನಿಗೆ ಜ್ವರ. ಅರ್ಜೆಂಟ್ ಕೆಲಸವೊಂದಕ್ಕೆ ತಾವೇ ಬ್ಲೇಡು ಹಿಡಿದರು. ಮುದುಕರೊಬ್ಬರ ಕಿವಿ ಹಾರಿಹೋಯಿತು. “ಅವರ ಮಗ ಬೈತಾನೆ ಅಂತ್ಲೇ ಅಂದ್ಕೊಂಡಿದ್ದೆ. ಆ ಪುಣ್ಯಾತ್ಮ ನೋಡಿ, ‘ನಮ್ಮಪ್ಪ ಯಾರ ಮಾತಿಗೂ ಕಿವಿ ಕೊಟ್ಟೋನಲ್ಲ, ಇರ್ಲಿ ಬಿಡಿ’ ಅಂದ.” ಆದರೂ ಆ ಕಿವಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸರಿಮಾಡಿಯೇ ಕೊಟ್ಟರಂತೆ.

ಆಮೇಲೆ ಗಂಡನ ಕಣ್ಣು ಮಂಜಾಗುತ್ತ ಬಂತು. ಆಸ್ಪತ್ರೆಗೆ ಅಲೆದರು, ಆಪರೇಷನ್ ಆಯಿತು, ದೃಷ್ಟಿ ಮರಳಲಿಲ್ಲ. ಕ್ಯಾಮೆರಾ ಮೂಲೆ ಸೇರಿತು. ಸ್ಟುಡಿಯೋ ಮುಚ್ಚೋಣ ಎಂದು ಅವರೇ ಅಂದರು. ಇವರು ಒಪ್ಪದೆ, ಎದುರುಸಾಲಿನ ಟೈಪಿಂಗ್ ಅಂಗಡಿಯ ಗೆಳತಿಯ ಪಕ್ಕ ಕೂತು ಮೌಸ್ ಹಿಡಿಯುವುದನ್ನು ಕಲಿತರು. ಈಗ ಗಂಡ ಹಿಂದಿನ ಬೆಂಚಿನ ಮೇಲೆ ಕೂತು, ಪ್ರತಿ ಫೋಟೋಗೂ ಒಂದೇ ಪ್ರಶ್ನೆ ಕೇಳುತ್ತಾರೆ: “ಬೆಳಕು ಯಾವ ಕಡೆಯಿಂದ ಬರ್ತಿದೆ?” ಮನುಷ್ಯನ ಮೇಲೆ ಎಡಗಡೆಯ ಬೆಳಕು, ಹಿಂದಿನ ತೋಟಕ್ಕೆ ಬಲಗಡೆಯ ಬಿಸಿಲು ಇದ್ದರೆ ಕೆಲಸ ಅಲ್ಲೇ ಕೆಟ್ಟಿತು. “ಕಣ್ಣು ಕಾಣದಿದ್ರೂ ನನ್ನ ತಪ್ಪು ಮಾತ್ರ ಚೆನ್ನಾಗಿ ಕಾಣುತ್ತೆ ಇವರಿಗೆ,” ಎನ್ನುತ್ತಾರೆ ಚಿಕ್ಕಮ್ಮ. ಬೆಂಚಿನಿಂದ ಸಣ್ಣ ಕೆಮ್ಮು ಕೇಳಿಸುತ್ತದೆ.

ಮರೆಯಲಾಗದ ಕೆಲಸ ಯಾವುದು ಎಂದರೆ ಅವರು ಮೌಸ್ ಬಿಟ್ಟು, ಅವರ ಕಥೆ ಕೇಳಲು ಬಂದ ನಮ್ಮ ಕಡೆ ತಿರುಗುತ್ತಾರೆ.

ಒಬ್ಬ ಬಡಗಿ ಬಂದಿದ್ದ. ತಮ್ಮನ ಜೊತೆ ಮನಸ್ತಾಪವಾಗಿ, ಅಪ್ಪ ಕಟ್ಟಿದ ಮರಗೆಲಸದ ಶೆಡ್ ಪಾಲಾಗಿ, ನಡುವೆ ಗೋಡೆ ಎದ್ದಿತ್ತು. ತೀರಿಕೊಂಡ ಅಮ್ಮನ ಒಂದೇ ಒಂದು ಒಳ್ಳೆಯ ಫೋಟೋ ಅವನ ಬಳಿ ಇತ್ತು. ಕುರ್ಚಿಯಲ್ಲಿ ಅಮ್ಮ, ಈ ಪಕ್ಕ ಇವನು, ಆ ಪಕ್ಕ ತಮ್ಮ. “ಅವನನ್ನ ತೆಗೆದುಬಿಡಿ. ಹಿಂದೆ ಒಂದು ತೋಟ ಹಾಕಿ,” ಎಂದು ಹೇಳಿ ಹೋದ.

“ತೆಗೆದೆ. ಕೆಲಸ ತಾನೇ. ಆದರೆ ತಮ್ಮನ ಕೈ ಅಮ್ಮನ ಭುಜದ ಮೇಲಿತ್ತು. ಮಣಿಕಟ್ಟಿನ ತನಕ ತೆಗೆದು ನಿಲ್ಲಿಸಿದೆ. ಕೈ ತೆಗೆದ್ರೆ ಕೆಳಗೆ ಭುಜಾನೇ ಇಲ್ವಲ್ಲ. ಇನ್ಯಾರದೋ ಭುಜ ತಂದು ಅಂಟಿಸಬೇಕು. ಅಣ್ಣನನ್ನೇ ಕರೆಸಿ ಕೇಳಿದೆ, ‘ಏನಪ್ಪಾ, ನಿಮ್ಮಮ್ಮನಿಗೆ ಬೇರೆಯವರ ಭುಜ ಹಾಕಲಾ?’ ಅಂತ.”

ಬಡಗಿ ಬಗ್ಗಿ ನೋಡಿದನಂತೆ. ತೋಟದ ಮುಂದೆ ಅಮ್ಮ, ಅವಳ ಭುಜದ ಮೇಲೆ ದಿಕ್ಕಿಲ್ಲದ ಒಂದು ಕೈ. ಹೆಬ್ಬೆರಳಿನ ಉಗುರು ಸೊಟ್ಟ. ಅದರ ಮೇಲೆ ಬೆರಳಿಟ್ಟು ಹೇಳಿದ: “ಚಿಕ್ಕೋರಿದ್ದಾಗ ಮೊಳೆ ಹಿಡ್ಕೊಂಡಿದ್ದವನು ಅವನು. ಸುತ್ತಿಗೆ ನನ್ನದು. ಅಪ್ಪನಿಗೆ ಹೇಳಲೇ ಇಲ್ಲ ಅವನು, ಬಾಗಿಲಿಗೆ ಸಿಕ್ಕಿಸ್ಕೊಂಡೆ ಅಂದ.” ಅಷ್ಟೇ ಹೇಳಿ, ಈಗ ಏನೂ ಮಾಡಬೇಡಿ ಎಂದು ಎದ್ದುಹೋದ.

ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಬಂದು, “ಅಣ್ಣ ಫೋಟೋ ಇಸ್ಕೊಂಡು ಬಾ ಅಂದ,” ಎಂದ. ಚೀಲಕ್ಕೆ ಕೈ ಹಾಕಿದಾಗ ಚಿಕ್ಕಮ್ಮ ಕಂಡದ್ದು ಅದೇ ಉಗುರು. ಯಾವ ಫೋಟೋ ಎಂದು ಅವನಿಗೆ ಗೊತ್ತಿಲ್ಲ, ಅಣ್ಣ ಹೇಳಿಲ್ಲ. ಚಿಕ್ಕಮ್ಮ ಅವನನ್ನು ಕೂರಿಸಿ, ಮೊದಲಿನ ಫೋಟೋ ತೆರೆದು, ಮೂವರನ್ನೂ ಒಟ್ಟಿಗೆ ಬಿಡಿಸಿ, ಆ ತೋಟದ ಮುಂದೆ ಕೂರಿಸಿ ಕೊಟ್ಟರು.

“ಅಣ್ಣ ಹೇಳಿದ್ದು ಅದಲ್ಲ, ಗೊತ್ತು. ಬೈಸ್ಕೊಂಡ್ರಾಯ್ತು ಅಂತ ಕಾಯ್ತಾ ಇದ್ದೆ. ಬದಲಾಯಿಸಿ ಅಂತ ಯಾರೂ ವಾಪಸ್ ಬರಲಿಲ್ಲ.” ಶೆಡ್ಡಿನ ಗೋಡೆ ಈಗಲೂ ಇದೆ. ಅದರಲ್ಲೊಂದು ಬಾಗಿಲು ಇಟ್ಟಿದ್ದಾರೆ ಎಂದು ಪಕ್ಕದ ದರ್ಜಿ ಸುದ್ದಿ ತಂದಿದ್ದಾನೆ. ಬಡಗಿಗಳಲ್ಲವೇ, ಬಾಗಿಲು ಸೊಗಸಾಗಿಯೇ ಇದೆಯಂತೆ.

ಹೊರಡುವ ಮುನ್ನ, ನಿಮಗೇನು ಆಸೆ ಎಂದು ಕೇಳುತ್ತೇವೆ. ಗಂಡ ಹೆಂಡತಿ ಜೊತೆಗಿರುವ ಒಂದು ಫೋಟೋವೂ ಈ ಸ್ಟುಡಿಯೋದಲ್ಲಿಲ್ಲ. ಮದುವೆಯ ದಿನದ್ದು ನೀರು ಬಿದ್ದು ಹಾಳಾಯಿತು. ಆಮೇಲೆ ಕ್ಯಾಮೆರಾ ಹಿಂದೆ ಯಾವಾಗಲೂ ಇಬ್ಬರಲ್ಲಿ ಒಬ್ಬರು.

ಕೈಯಲ್ಲೇ ವಿದ್ಯೆ ಇದೆಯಲ್ಲ, ಜೋಡಿಸಬಹುದಿತ್ತು ಎಂದರೆ ಚಿಕ್ಕಮ್ಮ ತಲೆಯಾಡಿಸುತ್ತಾರೆ.

“ಇಲ್ಲದೋರನ್ನ ತಂದು ಕೂರಿಸ್ತೀವಿ, ಸರಿ. ದಿನಾ ಇಲ್ಲೇ ಬೆನ್ನ ಹಿಂದೆ ಕೂತು ತಪ್ಪು ಹುಡುಕೋರನ್ನ ಇನ್ನೆಲ್ಲಿಂದ ತರೋದು? ಯಾರಾದ್ರೂ ಬಂದು ನಿಜವಾಗಿ ಒಂದು ತೆಗೀಲಿ, ಸಾಕು. ಇವರು ಗಡ್ಡ ತೆಗೆಸಿದ ದಿನ ನೋಡ್ಕೊಂಡು.”

ಬೆಂಚಿನ ಮೇಲಿನವರು ಗಲ್ಲ ಸವರಿಕೊಂಡು ಹೇಳುತ್ತಾರೆ: “ಫೋಟೋ ತೆಗೆಯೋರಿಗೆ ನಾಳೆ ಬರೋಕೆ ಹೇಳು.”