ತಾಜಬೀಯ ಕುರ್ಚಿ

ಹುಲಿಗವ್ವನನ್ನು ಮಾಸ್ತರರು ಮೊದಲು ಕಂಡದ್ದು ಒಂದು ಭಾನುವಾರ, ಶಾಲೆಯ ಪಡಸಾಲೆಯಲ್ಲಿ. ಕುಷ್ಟಗಿಯ ಆಚೆಯ ಆ ಹಳ್ಳಿಗೆ ಅವರು ಆಗ ತಾನೇ ವರ್ಗವಾಗಿ ಬಂದಿದ್ದರು. ಪಡಸಾಲೆಯ ತುಂಬ ಹಳೆ ಸೀರೆಗಳ ದೊಡ್ಡದೊಂದು ಕೌದಿ ಹಾಸಿ, ಸುತ್ತಲೂ ಎಂಟು ಹೆಂಗಸರು ಕುಳಿತು ಹೊಲಿಯುತ್ತಿದ್ದರು.

“ಚಪ್ಪಲಿ ಬಿಟ್ಟ ಬರ್ರಿ ಸರ, ಕೌದಿ ತುಳದೀರಿ,” ಎಂದಳು ಹುಲಿಗವ್ವ, ಸೂಜಿಯಿಂದ ಕಣ್ಣೆತ್ತದೆ. “ಮನ್ಯಾಗ ಇದನ್ನ ಹಾಸಾಕ ಜಾಗ ಇಲ್ರಿ. ಸಾಲಿ ಸೂಟಿ ಇದ್ದಾಗ ಇಲ್ಲೇ ಕುಂದರತೀವಿ.”

ಅವಳಿಗೆ ಬೇಕಾಗಿದ್ದದ್ದು ಹೊಲಿಯಲು ಒಂದು ಶೆಡ್ಡು, ಅಷ್ಟೇ. ಪಡಸಾಲೆಯಲ್ಲಿ ಗಾಳಿ ಬೀಸಿದರೆ ಧೂಳು, ಮಳೆ ಬಂದರೆ ಎರಚಲು. ವಾರಕ್ಕೊಂದೇ ದಿನ ಕುಳಿತರೆ ಒಂದು ಕೌದಿ ಮುಗಿಯಲು ಎರಡು ತಿಂಗಳು.

ಆ ವರುಷವೇ ಸುದ್ದಿ ಬಂತು. ಸರಕಾರ ಬಾಂಡು ಮಾರಿ, ಉಳ್ಳವರಿಂದ ಸಾಲವೆತ್ತಿ, ತೀರ ಹಿಂದುಳಿದ ಹಳ್ಳಿಗಳಲ್ಲಿ ದುಡಿಯುವವರಿಗೆ ಶೆಡ್ಡು ಕಟ್ಟಿಸುತ್ತದಂತೆ. ಮನೆಮನೆಯ ಸ್ಥಿತಿ ನೋಡಿ ಊರಿಗೆ ಅಂಕ ಕೊಡುತ್ತಾರಂತೆ.

ಅಂಕ ಎಂದೊಡನೆ ಹುಲಿಗವ್ವ ಅದನ್ನು ಶಾಲೆಯ ಪರೀಕ್ಷೆಯೆಂದೇ ತಿಳಿದಳು. ಹೆಚ್ಚು ಬಂದರೆ ಪಾಸು! ಓಣಿಯ ಮನೆಗಳಿಗೆಲ್ಲ ಸುಣ್ಣ ಬಳಿಸಿದಳು. ನೆರೆಮನೆಯ ತಾಜಬೀಯ ಕುರ್ಚಿ, ಮಿಕ್ಸರು, ಫ್ಯಾನು ಅವಳ ಮನೆಗೆ ಬಂದವು. ಸ್ಥಿತಿ ಅಳೆಯಲು ಬಂದವರಿಗೆ ಮನೆಮನೆಯಲ್ಲೂ ಚಹಾ, ಮಂಡಕ್ಕಿ ಒಗ್ಗರಣೆ.

“ಮಿಕ್ಸರ್ ನಿಮ್ಮದೇನವ್ವಾ?”

“ಹೂಂ ಮತ್ತ, ನಮ್ಮದರಿ.”

ಶೆಡ್ಡು ಸಿಗುವ ಹಳ್ಳಿಗಳ ಪಟ್ಟಿಯಲ್ಲಿ ಊರಿನ ಹೆಸರಿರಲಿಲ್ಲ.

“ನಿಮ್ಮೂರು ಮುಂದುವರದೈತಿ ಬೇ,” ಎಂದ ಕಚೇರಿಯ ಗುಮಾಸ್ತ. “ಮನಿಮನಿಗೆ ಮಿಕ್ಸರ್ ಅದಾವು.”

“ಯಪ್ಪಾ, ಅದು ತಾಜಬೀದು! ಒಂದ ಮಿಕ್ಸರು ಓಣಿ ತುಂಬ ತಿರಗೈತಿ!”

ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ಹುಲಿಗವ್ವನಿಗೆ ನಗು ಬರಲಿಲ್ಲ. ಮಾಸ್ತರರಿಂದ ಅರ್ಜಿ ಬರೆಸಿಕೊಂಡು ಮೂರು ಸಲ ಕೊಪ್ಪಳಕ್ಕೆ ತಿರುಗಿದಳು. ಎಂಟು ತಿಂಗಳ ಮೇಲೆ ಮತ್ತೊಮ್ಮೆ ಅಳತೆಗೆ ಅಪ್ಪಣೆಯಾಯಿತು.

“ಈ ಸಲ ನನ್ನ ಕುರ್ಚಿ ಕೇಳಾಕ ಬಂದಿ ಅಂದ್ರ ಕಾಲ ಮುರೀತೀನಿ ನೋಡು,” ಎಂದು ತಾಜಬೀ ಮೊದಲೇ ಹೇಳಿಟ್ಟಳು.

ಅಳೆಯಲು ಬಂದವಳು ಒಬ್ಬ ಹುಡುಗಿ. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಹೊಸ್ತಿಲ ಹೊರಗೆ ನಿಂತೇ ಕಾಗದ ತೆಗೆದಳು. ಹುಲಿಗವ್ವ ಅವಳ ಮುಖ ನೋಡಿದಳು. ಆಮೇಲೆ ತಾಜಬೀಯ ಮನೆಗೆ ಹೋದಳು. ತಾಜಬೀ ಹುಡುಗಿಯನ್ನು ಇಣುಕಿ ನೋಡಿ, ಕುರ್ಚಿಯನ್ನೂ ಒಂದು ಬಟ್ಟಲು ಸಕ್ಕರೆಯನ್ನೂ ಕೊಟ್ಟಳು.

“ಕುರ್ಚಿ ನಮ್ದಲ್ಲವ್ವಾ, ಬರಕೋಬ್ಯಾಡ,” ಎಂದಳು ಹುಲಿಗವ್ವ. “ಆದ್ರ ನೀ ಕುಂದ್ರು. ಚಾ ಕುಡಿ.”

ಹುಡುಗಿ ಇದ್ದದ್ದನ್ನು ಇದ್ದಂತೆ ಬರೆದಳು. ಊರು ಹಿಂದುಳಿದದ್ದೆಂದು ಒಪ್ಪಿಗೆಯೂ ಆಯಿತು. ಆದರೆ ಅಷ್ಟರಲ್ಲಿ ಆ ಬಾಂಡಿನ ಹಣವೆಲ್ಲ ಬೇರೆ ಊರುಗಳಿಗೆ ಹಂಚಿಹೋಗಿತ್ತು. ಮುಂದೆ ಬಾಂಡು ಬಿಟ್ಟಾಗ ನೋಡೋಣ ಎಂಬ ಉತ್ತರದ ಕಾಗದವನ್ನು ಮಾಸ್ತರರೇ ಅವಳಿಗೆ ಓದಿ ಹೇಳಿದರು. ಅವಳು ಎರಡನೆಯ ಸಲ ಓದಿಸಲಿಲ್ಲ.

ಮಾಸ್ತರರು ನಿವೃತ್ತರಾಗಿ ನಾಲ್ಕು ವರುಷವಾಯಿತು. ಹುಲಿಗವ್ವ ಈಗಲೂ ಒಂದು ಕೌದಿ ಮುಗಿದೊಡನೆ ಶನಿವಾರ ನಸುಕಿಗೇ ಅದರ ಗಂಟು ಹೊತ್ತು ಹನುಮನಹಳ್ಳಿಗೆ ಹೋಗುತ್ತಾಳೆ, ಅಲ್ಲಿಯ ಬೆಟ್ಟದ ಗುಡಿಗೆ ಹತ್ತಲು ಬಂದ ಭಕ್ತರಿಗೆ ಮಾರುತ್ತಾಳೆ. ಭಾನುವಾರ ಅದೇ ಪಡಸಾಲೆ. ಕಣ್ಣು ಮಂಜಾಗಿದೆ, ದಾರ ಪೋಣಿಸಿ ಕೊಡುವವಳು ತಾಜಬೀ. ಮೋಡ ಕವಿದರೆ ಇಬ್ಬರೂ ಕೂಡಿ ಕೌದಿ ಸುತ್ತಿ, ಗೋಡೆಗೆ ಒತ್ತಿಕೊಂಡು ಕೂರುತ್ತಾರೆ.