ಕುಸುಬಿ ಎಣ್ಣೆ ಮತ್ತು ಬಸಣ್ಣ ಕಾಕಾನ ಗುಳಿಗೆ

ಒಳ್ಳೆಯ ಕೊಲೆಸ್ಟ್ರಾಲ್ ಹೆಚ್ಚಿದರೆ ಹೃದಯದ ಗುಳಿಗೆ ಬಿಡಬಹುದು ಎಂದು ನಂಬಿಸಿ ಎಣ್ಣೆ ಮಾರುವುದು ಅನ್ಯಾಯ, ಗೆಳೆಯರೇ. ಇವತ್ತು ಹನುಮಸಾಗರದ ಎಣ್ಣೆ ಗಾಣದ ಮುಂದೆ ನಿಂತು ಹಾಗೆಂದೇ ಕೂಗಿದೆ.

ನಮ್ಮ ಬಸಣ್ಣ ಕಾಕಾನ ಹೃದಯ ಸೋತು ವರ್ಷಗಳಾದವು. ಈಗ ಗುಳಿಗೆ ಬಿಟ್ಟು ರೊಟ್ಟಿಗೆ ಕುಸುಬಿ ಎಣ್ಣೆ ಸುರಿದುಕೊಳ್ಳುತ್ತಾನೆ. ಕಾಲು ಬಾತು ಚಪ್ಪಲಿ ಹಿಡಿಯುತ್ತಿಲ್ಲ.

"ರಕ್ತದಾಗ ಒಳ್ಳೆ ಕೊಬ್ಬು ಇದ್ರೂ ಸೋತ ಹೃದಯಕ್ಕ ಗುಳಿಗಿ ಬೇಕ ಬೇಕು, ಕಾಕಾ," ಎಂದು ಗಾಣದ ಸಾಲಿನಲ್ಲಿ ನಿಂತಿದ್ದ ಅವನಿಗೆ ಹೇಳಿದೆ.

"ನೀ ಹಾಳಿ ಓದಿದಾಂವ, ನಾ ಎಣ್ಣಿ ಉಂಡಾಂವ. ಒಬ್ಬನ ಮಾತು ಯಾರ ಕೇಳ್ತಾರೋ? ನಾಕು ಮಂದಿ ಬಂದು ಹೇಳಿದ್ರ ದವಾಖಾನಿಗೆ ಬರ್ತೀನಿ," ಎಂದ ಕಾಕಾ.

ಎಣ್ಣೆಗೆ ಸಾಲು ನಿಂತವರೆಲ್ಲ ನಕ್ಕರು. ನನ್ನ ಪರವಾಗಿ ನಿಂತಿದ್ದು ನನ್ನ ಸೈಕಲ್ ಒಂದೇ.

ನಾಳೆ ಗುರುವಾರ, ಬೆಳಿಗ್ಗೆ ಎಂಟಕ್ಕೆ, ಹನುಮಸಾಗರ ಬಸ್ ನಿಲ್ದಾಣ. ಕಾಕಾನ ಮುಂದೆ ಹೋಗಿ ಹೇಳಲು ಇನ್ನೂ ಮೂರು ಮಂದಿ ಬೇಕು.