ಬಡೇಬೀಯ ಕಫ್ಗೀರು, ದಸ್ತಗೀರನ ಟೈರು

ಮಾನ್ವಿಯ ಗುಲಾಮ್ ದಸ್ತಗೀರ್ ಮೋಟಾರ್ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಬಿಗಿದುಕೊಂಡು ಸಿರವಾರ, ಕುರ್ಡಿ, ಜಾಲಹಳ್ಳಿ ಸುತ್ತಿ ಸೀರೆ, ಲುಂಗಿ, ಕುಪ್ಪಸದ ಖಣ ಮಾರುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆಗಳು ಟೈರನ್ನು ಕಡಲೆಯಂತೆ ಕಡಿದು ತಿನ್ನುತ್ತಿದ್ದವು. ದೇವದುರ್ಗದ ದಾರಿಯಲ್ಲಿ ಒಂದು ತಗ್ಗಿತ್ತು. ಅದರೊಳಗೆ ಇಳಿದ ಗಾಡಿ ಆ ಕಡೆ ಏರಿ ಬರುವಷ್ಟರಲ್ಲಿ ಸವಾರನಿಗೆ ಗಡ್ಡ ಬಂದಿರುತ್ತಿತ್ತು.

ಹೀಗಾಗಿ ಟೈರ್ ಬದಲಿಸುವುದು ದಸ್ತಗೀರನಿಗೆ ಮುಖ ತೊಳೆದಷ್ಟೇ ರೂಢಿ. ಪಂಕ್ಚರ್ ಅಂಗಡಿಗೆ ಮಾತ್ರ ಹೋಗುತ್ತಿರಲಿಲ್ಲ. "ಪರರ ಕೈ ಹತ್ತಿದ್ರ ನನ್ನ ಗಾಡಿಗೆ ಜ್ವರ ಬರ್ತದ" ಎನ್ನುತ್ತಿದ್ದ. ಗಾಲಿ ಬಿಚ್ಚಿ, ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಗಾಳಿ ಬಿಟ್ಟು, ಟೈರು ರಿಮ್ಮಿನಿಂದ ಸಡಿಲಾಗುವವರೆಗೆ ಅದರ ಮೇಲೆ ಕುಣಿಯುತ್ತಿದ್ದ. ಆಮೇಲೆ ಸೋಪಿನ ನೀರು ಸವರಿ ಅಂಚನ್ನು ಮೀಟಿ ಎಬ್ಬಿಸಬೇಕು. ಅದಕ್ಕೆ ಎರಡು ಕಬ್ಬಿಣದ ಪಟ್ಟಿ ಬೇಕು. ಅವನ ಬಳಿ ಇದ್ದದ್ದು ಒಂದು. ಎರಡನೆಯದು ಅಡುಗೆಮನೆಯಿಂದ ಬರುತ್ತಿತ್ತು. ಹೆಂಡತಿ ಕುಬ್ರಾ ಬೇಗಂಳ ಸೌಟುಗಳೆಲ್ಲ ಎಷ್ಟು ಸೊಟ್ಟಗಾಗಿದ್ದವೆಂದರೆ, ಆ ಮನೆಯಲ್ಲಿ ನಿಮಗೆ ಬಡಿಸಿದ ಸಾರು ಪಕ್ಕದವನ ತಾಟಿಗೆ ಬೀಳುತ್ತಿತ್ತು.

ಕೊನೆಗೆ ಕುಬ್ರಾ ಸೌಟು ಚಮಚಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಮನೆಯೊಳಗೆ ದಖನಿ ಆಡುವಾಕೆ, ಓಣಿಗೆಲ್ಲ ತಿಳಿಯಲೆಂದು ಕನ್ನಡದಲ್ಲಿ ಕೂಗಿ ಹೇಳಿದಳು: "ಇನ್ನ ನಿಮ್ಮ ಹಲ್ಲಿಲೆ ಬಿಚ್ಕೋರಿ ಟೈರು!"

ಮರುವಾರವೇ, ಸಿರವಾರದ ಸಂತೆಯ ಬೆಳಿಗ್ಗೆ, ಹಿಂದಿನ ಗಾಲಿ ಕುಸಿದು ಕೂತಿತು. ರಾಯಚೂರಿನಿಂದ ತಂದಿಟ್ಟ ಹೊಸ ಟೈರು ಇತ್ತು. ಹೊಸ ಟೈರೆಂದರೆ ಕೋಣನ ಕುತ್ತಿಗೆ, ಬಗ್ಗುವ ಮಾತೇ ಇಲ್ಲ. ದಸ್ತಗೀರ್ ಸುತ್ತ ನೋಡಿದ. ನಡುಗೋಡೆಯ ಮೇಲೆ ಪಕ್ಕದ ಮನೆಯ ಬಡೇಬೀ ತೊಳೆದು ಬಿಸಿಲಿಗಿಟ್ಟ ಕಫ್ಗೀರು ಹೊಳೆಯುತ್ತಿತ್ತು.

ಬಡೇಬೀ ಮದುವೆಗಳಿಗೆ ಬಿರಿಯಾನಿ ಮಾಡುವಾಕೆ. ಮಾನ್ವಿಯಲ್ಲಿ ಆಕೆ ದೇಗಿನ, ಅಂದರೆ ಬಿರಿಯಾನಿಯ ದೊಡ್ಡ ಹಂಡೆಯ ಮುಚ್ಚಳ ತೆಗೆದರೆ ರಾಯಚೂರು ಕೋಟೆಯ ಮೇಲಿನ ಕಾಗೆಗಳು ಈ ಕಡೆ ಮುಖ ಮಾಡುತ್ತಿದ್ದವು. ಕಫ್ಗೀರು ಅಂದರೆ ಉದ್ದ ಹಿಡಿಕೆಯ, ಚಪ್ಪಟೆ ತಲೆಯ ಕಬ್ಬಿಣದ ಸೌಟು. ಮಸಾಲೆ ಸೀಯದಂತೆ ದೇಗಿನ ತಳ ಕೆರೆಯುವುದು ಅದರ ಕೆಲಸ.

ದಸ್ತಗೀರ್ ಆ ಚಪ್ಪಟೆ ತಲೆಯನ್ನು ಟೈರಿನ ಅಂಚಿಗೆ ತೂರಿಸಿ ಮೈಭಾರ ಹಾಕಿ ಒತ್ತಿದ. ಟೈರು ಕೂತಿತು, ಕಫ್ಗೀರಿನ ತಲೆ ತಿರುಚಿತು. ಒರಳಿನ ಮೇಲಿಟ್ಟು ಬಡಿದು, ಕಣ್ಣಳತೆಗೆ ನೆಟ್ಟಗೆ ಮಾಡಿ, ಬೂದಿಯಿಂದ ತಿಕ್ಕಿ, ಇದ್ದಲ್ಲೇ ಇಟ್ಟು ಸಂತೆಗೆ ಹೋದ. ಅಂದು ವ್ಯಾಪಾರ ಜೋರು. ಪಾಪ ಮಾಡಿದ ದಿನವೇ ಗಿರಾಕಿ ಮುಗಿಬೀಳುವುದು ಲೋಕದ ರೀತಿ.

ಅದೇ ವಾರ ದೇವದುರ್ಗದ ಮದುವೆಯೊಂದರಲ್ಲಿ ಬಡೇಬೀಯ ದೇಗು ತಳ ಹಿಡಿಯಿತು. ಸೀದ ವಾಸನೆಗೆ ಮದುಮಗನ ಮುಖದ ಮೇಲೆ ಇಳಿಬಿಟ್ಟ ಹೂವಿನ ಪರದೆಯೂ ಕೆಮ್ಮಿತು. ಮುಂದಿನ ಮದುವೆಯಲ್ಲೂ ಅದೇ ಕಥೆ. ತಿರುಚಿದ ತಲೆ ಒಂದೇ ಮೂಲೆಯಿಂದ ತಳಕ್ಕೆ ತಾಗುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಬಡೇಬೀಗೆ ಅದು ಕಾಣಲಿಲ್ಲ. ಆಕೆ ತನ್ನ ಮಣಿಕಟ್ಟನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಕೈ ಸತ್ತದ ಬೇಟಿ," ಎಂದು ಗೋಡೆಯಾಚೆಯಿಂದ ಕುಬ್ರಾಗೆ ಹೇಳಿದಳು. "ಕೆರಿಯಾಕತ್ತೀನಿ, ಕೆರಿಯಾಕತ್ತೀನಿ, ತಳನ ಸಿಗವಲ್ದು."

ಈಚೆ ದಸ್ತಗೀರನ ಕೈಯ ರೊಟ್ಟಿ ಬಾಯಿಗೆ ಹೋಗದೆ ನಡುದಾರಿಯಲ್ಲಿ ನಿಂತಿತು. ಹೇಳಬೇಕೆಂದು ಎದ್ದ. ಮಾತು ತಗ್ಗಿಗೆ ಬಿದ್ದ ಗಾಡಿಯಂತೆ ಸಿಕ್ಕಿಕೊಂಡಿತು. ಅಂದಿನಿಂದ ಅವನು ಸೊರಗುತ್ತ ಹೋದ. ಸವಾರನಿಲ್ಲದ ಗಾಡಿ ಬಂತೆಂದು ಕುರ್ಡಿಯ ನಾಯಿಗಳು ಬೊಗಳದೆ ದಾರಿ ಬಿಡುತ್ತಿದ್ದವು. ಹೇಳಲಾರದ್ದಕ್ಕೆ ಬದಲಾಗಿ ಆಕೆಯ ಮಣಿಕಟ್ಟಿಗೆ ತಿಕ್ಕಲು ಎಣ್ಣೆ ತಂದುಕೊಟ್ಟ. ಆಕೆ ತಿಕ್ಕಿಕೊಂಡು, "ಹೊಟ್ಟಿಲೆ ಹುಟ್ಟಿದ ಮಗನೂ ಇಷ್ಟು ಮಾಡಂಗಿಲ್ಲ ನೋಡು" ಎಂದು ದುವಾ ಮಾಡುತ್ತಿದ್ದಳು. ಒಂದೊಂದು ದುವಾವೂ ಬೀಸುಕಲ್ಲಾಗಿ ಅವನ ನೆತ್ತಿಯ ಮೇಲೆ ಬೀಳುತ್ತಿತ್ತು.

ಅಷ್ಟರಲ್ಲಿ ಆಕೆಯ ಮೊಮ್ಮಗಳು ವಾಹಿದಾಳ ಮದುವೆ ಬಂತು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಿಂದ "ಇಕಿ ಮದುವಿ ಬಿರಿಯಾನಿ ನಂದು" ಎನ್ನುತ್ತಿದ್ದ ಬಡೇಬೀ, ತಾನೇ ಹೇಳಿಕಳಿಸಿ ರಾಯಚೂರಿನಿಂದ ಅಡುಗೆಯ ಬಾವರ್ಚಿಯನ್ನು ಕರೆಸಿದಳು. ತಾನು ಶಾಮಿಯಾನದ ಹಿಂದೆ ಉಳ್ಳಾಗಡ್ಡಿ ಸುಲಿಯುತ್ತ ಕೂತಳು. ಕಣ್ಣೀರು ಯಾಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದಸ್ತಗೀರನ ಎದುರಿಗೆ ತಾಟು ಬಂತು. ಆ ಬಿರಿಯಾನಿ ಒಂದಿಷ್ಟೂ ಸೀದಿರಲಿಲ್ಲ. ಅವನೊಬ್ಬನಿಗೇ ಸೀದ ವಾಸನೆ ಬಂತು.

ಮರುದಿನ ಅವನು ಅಂಗಳದಲ್ಲಿ ಮುಂದಿನ ಗಾಲಿ ಬಿಚ್ಚಿಕೊಂಡು ಕೂತಿದ್ದ. ಬಡೇಬೀ ಕಫ್ಗೀರು ಹಿಡಿದು ಬಂದಳು.

"ತಗೋ ಬೇಟಾ. ಕುಬ್ರಾ ಸೌಟೆಲ್ಲಾ ಕೀಲಿ ಹಾಕ್ಯಾಳಲ್ಲ. ಇದು ಅಸಲಿ ಕಬ್ಬಿಣ ಅದ. ನನಗಿನ್ನ ಯಾತಕ್ಕ? ನಿನ್ನ ಟೈರರ ಏಳ್ಲಿ."

ಅವನ ಕಾಲು ತಾಗಿ ಸೋಪಿನ ನೀರು ಉರುಳಿತು. "ಖಾಲಾ... ಅದು ಮೊದ್ಲ ಎಬ್ಬಿಸ್ಯದ."

"ಏನು?"

"ಟೈರು. ಸಿರವಾರ ಸಂತಿ ದಿನ ಗೋಡಿ ಮ್ಯಾಲಿಂದ ತಗೊಂಡಿದ್ದೆ. ತಲಿ ತಿರುಚ್ತು. ಬಡದು ಇಟ್ಟುಬಿಟ್ಟೆ. ಅದಕ್ಕ ತಳ ಸಿಗವಲ್ದಾಗಿತ್ತು. ನಿಮ್ಮ ಕೈಗೇನೂ ಆಗಿಲ್ಲ ಖಾಲಾ."

ಬಡೇಬೀ ಹೊಸ್ತಿಲಲ್ಲಿ ಕೂತು, ಕಫ್ಗೀರಿನ ತಲೆಯನ್ನು ಕಲ್ಲಿಗೆ ಒತ್ತಿ ಹಿಡಿದು, ಅಡಿಗೆ ಬೆರಳು ಹಾಕಿ ನೋಡಿದಳು. ಒಂದು ಬದಿ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಆಮೇಲೆ ತನ್ನ ಮಣಿಕಟ್ಟನ್ನು ಮೆಲ್ಲಗೆ, ಬೈಸಿಕೊಂಡ ಕೂಸನ್ನು ರಮಿಸುವಂತೆ ಸವರಿದಳು.

"ಕೈ ಅಲ್ಲ," ಎಂದಳು. "ಏ ನಿನ್ನ ಟೈರಿಗೆ ಬೆಂಕಿ ಹಚ್ಲಿ, ಕೈ ಅಲ್ಲ!"

ಎದ್ದು ಅವನ ಬೆನ್ನಿಗೆ ಕಫ್ಗೀರಿನಿಂದಲೇ ಒಂದು ಕೊಟ್ಟಳು. ಆ ಸದ್ದಿಗೆ ರಾಯಚೂರಿನ ಬಸ್ಸು ಬಂತೆಂದು ಸ್ಟ್ಯಾಂಡಿನಲ್ಲಿ ಜನ ಗಂಟು ಎತ್ತಿಕೊಂಡರು. ಕಫ್ಗೀರಿನ ತಲೆಯೂ ಅದೇ ಪೆಟ್ಟಿಗೆ ನೆಟ್ಟಗಾಯಿತು. ಕಾಸಿ ಬಡಿದವನು ತಾನು ಎಂದು ಕಮ್ಮಾರ ಮೌನಪ್ಪ ಹೇಳುತ್ತಾನೆ, ಅವನ ಮಾತು ಬಿಡಿ.

"ಇನ್ನೊಂದು ಹೊಡೀರಿ ಖಾಲಾ," ಎಂದ ದಸ್ತಗೀರ್.

"ಸಾಕು. ಕೈ ಕೆಲಸಕ್ಕ ಬೇಕು ನನಗ."

"ವಾಹಿದಾನ ಮದುವಿ..."

ಆಕೆ ತಿರುಗಿ ನೋಡಲಿಲ್ಲ. "ಅದು ಆಗಿಹೋತಲ್ಲೋ," ಎಂದು ನಡೆದಳು.

ದಸ್ತಗೀರ್ ಎರಡನೇ ಪಟ್ಟಿ ಕೊಂಡ; ಟೈರನ್ನು ಕೊನೆಯವರೆಗೂ ಮನೆಯಲ್ಲೇ ಬದಲಿಸಿದ. ಬಡೇಬೀಗೆ ಎಲ್ಲಿ ಮದುವೆ ಕೆಲಸ ಬಂದರೂ ಗಾಡಿಯಲ್ಲಿ ಅವನೇ ಕರೆದೊಯ್ಯುತ್ತಿದ್ದ. ಊಟಕ್ಕೆ ಎಷ್ಟು ಕರೆದರೂ ಪಂಕ್ತಿಗೆ ಬರುತ್ತಿರಲಿಲ್ಲ. ಶಾಮಿಯಾನದ ಹಿಂದೆ ಕೂತು ಉಳ್ಳಾಗಡ್ಡಿ ಸುಲಿಯುತ್ತಿದ್ದ.